ಕುಡಿದ ಮನೆಯ ಮರ್ಯಾದೆ

ಸಿಂದಗಿಯಿಂದ ಹೆಣ್ಣು ನೋಡಲು ಬಂದ ಬಸಲಿಂಗ ಮೂರು ಲೋಟ ಮಜ್ಜಿಗೆ ಇಳಿಸಿದ. ಹುಡುಗಿಯ ತಾಯಿ ಕಲಾವತಿ ಕಕ್ಕಸಿನ ಬಾಗಿಲನ್ನೇ ನೋಡುತ್ತ ಕುಳಿತಳು. ಮಳೆ ಆ ಸೀಮೆಯನ್ನು ಮರೆತ ಮೇಲೆ, ಮನೆಯ ಕಕ್ಕಸಿಗೆ ಬಿದ್ದದ್ದೇ ಗೋಡೆಯೊಳಗೆ ಸೋಸಿಕೊಂಡು ಅದೇ ಮನೆಯ ಅಡುಗೆಕೋಣೆಯ ನಲ್ಲಿಗೆ ಬರುತ್ತಿತ್ತು. ಹಾಗಾಗಿ ಕುಡಿದ ಮನೆಯಲ್ಲೇ ಉಚ್ಚೆ ಹೊಯ್ದು ಹೋಗುವುದು ಮರ್ಯಾದಸ್ಥರ ಲಕ್ಷಣ.

ವರನ ಕಡೆಯವರೆಲ್ಲ ಸಾಲಾಗಿ ಹೋಗಿಬಂದರು. ಅಜ್ಜನಂತೂ ಎರಡು ಸಲ ಹೋಗಿಬಂದು, ಏನೋ ದಾನ ಕೊಟ್ಟವನಂತೆ ಮೀಸೆ ತಿರುವಿದ. ಬಸಲಿಂಗ ಮಾತ್ರ ಕಾಲ ಮೇಲೆ ಕಾಲು ಬಿಗಿದು ಬೆವರುತ್ತಿದ್ದ.

"ಹೊಂಡೂ ಮೊದಲ ಒಂದಕ್ಕ ಹೋಗಿ ಬರ್ರಿ," ಎಂದಳು ಕಲಾವತಿ.

"ಬ್ಯಾಡ್ರಿ, ನಮ್ಮ ಮನಿ ಮುಟ್ಟಿದ ಮ್ಯಾಲೇ ಹೋಗ್ತೀನಿ," ಎಂದವನು ಹಲ್ಲು ಕಚ್ಚಿಕೊಂಡೇ ಜೀಪು ಹತ್ತಿದ.

ಜೀಪು ತಿರುವು ದಾಟಿತೋ ಇಲ್ಲವೋ, ಕಲಾವತಿ ಸಿಡಿದಳು. "ನಮ್ಮ ಮಜ್ಜಿಗಿ ಕುಡದು ತಮ್ಮ ಮನೀ ಕೊಡ ತುಂಬಸಾಕ ಹೊಂಟಾನ. ಇಂಥ ಜಿಪುಣಗ ಮಗಳನ್ನ ಕೊಡಂಗಿಲ್ಲ."

ಮಗಳು ಶಿವಲೀಲಾ ಎಂಜಲು ಲೋಟಗಳನ್ನು ಒಣಬಟ್ಟೆಯಲ್ಲಿ ಒರೆಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಕೊಟ್ಟಬಿಡವಾ. ನಾಳೆ ಆ ಕೊಡದ ನೀರು ಕುಡಿಯಾಕಿ ನಾನ ಅಲ್ಲೇನು?"