ಮೂರನೆಯವನ ಕಲ್ಲು

ಓರ್ವಿಲ್ ಕಪ್ಪು ಕಲ್ಲೊಂದನ್ನು ಬೆರಳಲ್ಲಿ ಹಿಡಿದು ಹತ್ತು ನಿಮಿಷದಿಂದ ಆಟದ ಮಣೆಯನ್ನೇ ನೋಡುತ್ತಿದ್ದ. ಏಲಕ್ಕಿ ಬ್ರೆಡ್ಡು ಮುಟ್ಟಿರಲಿಲ್ಲ, ಕಾಫಿ ತಣ್ಣಗಾಗಿತ್ತು. ಎದುರಿಗೆ ಲೆಂಪಿ ಕೂತಿದ್ದಳು. ಅರವತ್ತೆಂಟರ ವಯಸ್ಸಿನಲ್ಲಿ, ತಾನು ಮೆಚ್ಚಿದ ಗಂಡಸನ್ನು ಮಗಳು ಒಪ್ಪುತ್ತಾಳೋ ಇಲ್ಲವೋ ಎಂದು ಹೀಗೆ ಉಸಿರು ಬಿಗಿಹಿಡಿದು ಕೂರಬೇಕಾದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮಣೆ ಅವಳ ಗಂಡ ಎರ್ಕಿ ಕೈಯಾರೆ ಕೆತ್ತಿದ್ದು. ಆಟವೂ ಅವನ ತಲೆಯಲ್ಲೇ ಹುಟ್ಟಿದ್ದು. ಆರು ಮೂಲೆಯ ಮನೆಗಳು, ಸುಪೀರಿಯರ್ ಸರೋವರದ ದಂಡೆಯಲ್ಲಿ ಆಯ್ದ ಕಪ್ಪು, ಕೆಂಪು, ಬಿಳಿ ಕಲ್ಲುಗಳು. ಒಂದೇ ಬಣ್ಣದ ನಾಲ್ಕು ಸಾಲಾಗಿ ಕೂತರೆ ಗೆಲುವು. ಆಡಲು ಮೂವರೇ ಬೇಕು. ಎರ್ಕಿ ತೀರಿಕೊಂಡ ಮೇಲೆ ಆರು ವರ್ಷ ಕಪಾಟಿನ ಮೇಲಿದ್ದ ಅದನ್ನು ಇಂದು ಕೆಳಗಿಳಿಸಿದವಳು ಮಗಳು ಕೈಸಾ. “ಒಂದೇ ಒಂದಾಟ ಅಮ್ಮ. ಸೋಲೋನು ಯಾರನ್ನ ಗೆಲ್ಲಿಸ್ತಾನೆ ನೋಡು, ಅವನ ಬಣ್ಣ ಬಯಲಾಗುತ್ತೆ ಅಂತ ಅಪ್ಪ ಹೇಳ್ತಿರ್ಲಿಲ್ವಾ?” ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದಳು.

ಈಗ ಅಂಥದೇ ಘಳಿಗೆ. ಓರ್ವಿಲ್ ತಾನಂತೂ ಗೆಲ್ಲುವಂತಿರಲಿಲ್ಲ. ಕೈಸಾಳ ಕೆಂಪು ಮೂರು ಸಾಲಾಗಿದ್ದವು, ಒಂದು ತುದಿ ಖಾಲಿ. ಲೆಂಪಿಯ ಬಿಳಿ ಮೂರಕ್ಕೆ ಎರಡೂ ತುದಿ ಖಾಲಿ. ಓರ್ವಿಲ್ ಆದ ಮೇಲೆ ಕೈಸಾಳ ಸರದಿ, ಆಮೇಲೆ ಲೆಂಪಿಯದು. ಅವನು ಕೆಂಪನ್ನು ತಡೆಯದಿದ್ದರೆ ಮಗಳು ಗೆದ್ದಳು. ತಡೆದರೆ ತಾಯಿ ಗೆದ್ದಳು.

“ಏನು ಸಾಹೇಬ್ರೇ, ಹಿಮ ಕರಗೋವರೆಗೂ ಯೋಚನೇನಾ?” ಎಂದಳು ಕೈಸಾ.

“ಸುಮ್ನಿರೇ,” ಎಂದು ಲೆಂಪಿ ಗದರಿದಳು.

ಓರ್ವಿಲ್ ಕಲ್ಲನ್ನು ಕೆಂಪು ಸಾಲಿನ ಬಾಯಿಗೇ ಟಕ್ಕೆಂದು ಇಟ್ಟ.

“ಓಹೋ! ಅಮ್ಮನಿಗೆ ಬೆಣ್ಣೆ!”

“ಬೆಣ್ಣೆ ಹಚ್ಚೋದಾಗಿದ್ರೆ ನಿನಗೇ ಹಚ್ತಿದ್ದೆ ತಾಯಿ. ನಿಮ್ಮಮ್ಮ ಆಗಲೇ ಒಪ್ಪಿದಾಳೆ. ಒಪ್ಪಬೇಕಾದೋಳು ನೀನು. ಅಷ್ಟೂ ತಿಳೀದ ದಡ್ಡನಾ ನಾನು?”

“ಮತ್ತೆ ಇದ್ಯಾಕೆ?”

“ಮೂವತ್ತು ವರ್ಷ ಈ ಡುಲೂತ್‌ನ ರಸ್ತೇಲಿ ಹಿಮ ತಳ್ಳೋ ಗಾಡಿ ಓಡಿಸ್ದೋನು ನಾನು. ಎದುರಿಗಿರೋ ಗುಡ್ಡೆ ಮೊದಲು. ಆಮೇಲಿಂದು ಆಮೇಲೆ.”

ಕೈಸಾ ನಗು ತಡೆದುಕೊಂಡು ತಾಯಿಯ ಬಿಳಿ ಸಾಲಿನ ಒಂದು ತುದಿಗೆ ಕೆಂಪು ಕಲ್ಲು ಇಟ್ಟಳು. ಇನ್ನೊಂದು ತುದಿ ಹಾಗೇ ತೆರೆದಿತ್ತು.

ಲೆಂಪಿಯ ಸರದಿ. ಒಂದು ಕಲ್ಲಿಟ್ಟರೆ ಆಟ ಮುಗಿಯಿತು. ಆಟ ಮುಗಿದರೆ ಓರ್ವಿಲ್ ಮರ್ಯಾದಸ್ಥ, ಎದ್ದು ಟೋಪಿ ಹುಡುಕುತ್ತಾನೆ. ಮಗಳು ಕಾರು ಹತ್ತಿ ತಾನಿರುವ ಮಿನಿಯಾಪೊಲಿಸ್ ದಾರಿ ಹಿಡಿಯುತ್ತಾಳೆ. ಮನಸ್ಸಿನಲ್ಲಿ ಏನಿದೆಯೆಂದು ಫೋನಿನಲ್ಲಿ ಹೇಳಿದರೆ ಹೇಳಿದಳು, ಇಲ್ಲದಿದ್ದರೆ ಇಲ್ಲ. ಕೈಗೆ ಬಂದ ಗೆಲುವನ್ನು ಲೆಂಪಿ ಎಂದೂ ಬಿಟ್ಟವಳಲ್ಲ. ಜ್ವರದಲ್ಲಿ ನರಳುವ ಮಗಳನ್ನೂ ಸೋಲಿಸಿದವಳು, ಹುಟ್ಟುಹಬ್ಬದ ದಿನ ಗಂಡನನ್ನೂ ಸೋಲಿಸಿದವಳು. ಕೈ ತಾನಾಗಿ ಆ ಖಾಲಿ ಮನೆಯ ಮೇಲೆ ಹೋಯಿತು. ಅಲ್ಲೇ ಸ್ವಲ್ಪ ನಿಂತಿತು. ಆಮೇಲೆ ಮಣೆಯ ಉದ್ದಕ್ಕೂ ಸಾಗಿ, ಯಾರಿಗೂ ಬೇಡದ ಒಂದು ಮೂಲೆಯಲ್ಲಿ ಬಿಳಿ ಕಲ್ಲನ್ನು ಕೂರಿಸಿತು.

“ಕಾಫಿ ಬಿಸಿ ಮಾಡ್ಲಾ?” ಎಂದಳು, ಯಾರ ಮುಖವನ್ನೂ ನೋಡದೆ.

ಓರ್ವಿಲ್ ಕಣ್ಣು ಕಣ್ಣು ಬಿಟ್ಟ. ಕೈಸಾಳ ಕಡೆ ಬಾಗಿ, ಇಡೀ ಮನೆಗೆ ಕೇಳುವಂತೆ ಗುಟ್ಟು ಹೇಳಿದ: “ನಿಮ್ಮಮ್ಮನಿಗೆ ಈ ಆಟ ಅಷ್ಟಾಗಿ ಬರಲ್ಲ ಅಂತ ಕಾಣುತ್ತೆ.”

ಕೈಸಾ ಮೂಲೆಯ ಕಲ್ಲನ್ನು ನೋಡಿದಳು. ಕೆಂಪಗಾಗಿದ್ದ ತಾಯಿಯ ಕಿವಿಗಳನ್ನು ನೋಡಿದಳು.

“ಎಲ್ಲಿ ಬರುತ್ತೆ!” ಎಂದಳು. “ಭಾನುವಾರ ಭಾನುವಾರ ಬಂದು ನೀವೇ ಹೇಳಿಕೊಡ್ಬೇಕು. ಅಮ್ಮ ಕಲಿಯೋದು ಬಲು ನಿಧಾನ, ವರ್ಷಗಟ್ಟಲೆ ಹಿಡಿಯುತ್ತೆ.”