ಹೊಳೆದಂಡೆಯಲ್ಲಿ ನಿಂತ ಕಾರು

ಸುಂದರೇಶ ಹ್ಯಾಂಡಲ್ ತಿರುಗಿಸಿದ. ಕಾರು ಕೆಮ್ಮಲೂ ಇಲ್ಲ. ಮತ್ತೆ ತಿರುಗಿಸಿದ. ಅವನ ಬೆನ್ನು ಹಿಡಿದುಕೊಂಡಿತೇ ಹೊರತು ಎಂಜಿನ್ ಮಿಸುಕಲಿಲ್ಲ. ಬಲಮುರಿಯ ನೀರಿನ ಮೇಲೆ ಬಿಸಿಲು ಇಳಿಯುತ್ತಿತ್ತು. ಬೆಳಿಗ್ಗೆ ಮೈಸೂರಿನಿಂದ ಒಂದೇ ಉಸಿರಿಗೆ ಓಡಿಬಂದ ಕಾರು ಇದೇನಾ ಎನ್ನಿಸಿತು ಅವನಿಗೆ. ಹೋದ ಭಾನುವಾರವೂ ಹೀಗೇ ಆಗಿ, ಗುಡಿಯ ಜಗಲಿಯ ಮೇಲೆ ಮಲಗಿ ಬೆಳಗು ಮಾಡಿದ್ದರು.

“ಕಮಲಾ, ಇವತ್ತೂ ಇಲ್ಲೇನಾ ಅಂತ ನಿಮ್ಮಪ್ಪನ್ನ ಕೇಳು,” ಎಂದಳು ಚೂಡಾಮಣಿ.

ಗಂಡ ಒಂದು ಮಾರು ದೂರದಲ್ಲಿದ್ದ. ಆದರೂ ಮಾತು ಮಗಳ ಮೂಲಕವೇ ಹೋಗಬೇಕು. ಅದು ಆ ಬೇಸಿಗೆಯ ಕಾನೂನು.

ಜಗಳಕ್ಕೆ ಮೂಲವೂ ಕಾರೇ. 1954ರ ಬೇಸಿಗೆ ರಜೆಗೆ ಹಾಸನದ ತವರಿಗೆ ಹೋಗೋಣವೆಂದು ಅವಳು ಸಂಕ್ರಾಂತಿಯಿಂದಲೇ ಹೇಳುತ್ತಿದ್ದಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಸುಂದರೇಶ ಹ್ಞೂಂ ಹ್ಞೂಂ ಅನ್ನುತ್ತಲೇ, ನಜರ್‌ಬಾದಿನ ಮನೆಯ ಹಿತ್ತಲಲ್ಲಿ ಸೌದೆಯ ಕೆಳಗೆ ಹೂತುಹೋಗಿದ್ದ ತಂದೆಯ ಹಳೆಯ ಕಾರನ್ನು ಹೊರಗೆಳೆದ. ಬಿಡಿಭಾಗ ಸಿಗದೆ, ಅದೇ ವಯಸ್ಸಿನ ಇನ್ನೊಂದನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿದ. ಒಂದು ಓಡುವುದಕ್ಕೆ, ಇನ್ನೊಂದು ಬಿಚ್ಚುವುದಕ್ಕೆ. ಚೂಡಾಮಣಿ ಬಟ್ಟೆ ಒಣಹಾಕುವ ಜಾಗ ಹೋಯಿತು. ಅರ್ಧ ರಜೆಯೂ ಕಾರಿನ ಕೆಳಗೇ ಹೋಯಿತು. ಅವಳು ಮಾತು ಬಿಟ್ಟಳು.

ಸುಂದರೇಶನ ತಂದೆ ಅರಮನೆಯ ಮೋಟಾರು ಖಾನೆಯಲ್ಲಿದ್ದವರು. ಬಿಡುವಿನ ದಿನವೂ ಅಂಗಳದಲ್ಲಿ ಯಾವುದಾದರೂ ಕಾರಿನಡಿ ಮಲಗಿರುತ್ತಿದ್ದರು. ಸ್ಪ್ಯಾನರ್ ಎತ್ತಿಕೊಡಲು ಕೂಗಿದರೆ ಸುಂದರೇಶ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ತಾಯಿ ಶಾರದಮ್ಮನೇ ಸೆರಗು ಸಿಕ್ಕಿಸಿಕೊಂಡು ಓಡಬೇಕಿತ್ತು. ಈಗ ಅವನಿಗೆ ಕಲಿಯುವ ಆಸೆ ಹುಟ್ಟಿತ್ತು. ಕಲಿಸುವವರು ಹೋಗಿಬಿಟ್ಟಿದ್ದರು.

“ಈ ತಗಡಿನ ಡಬ್ಬ ನಂಬ್ಕೊಂಡು ಬಂದೆನಲ್ಲ ನಾನು,” ಹಿಂದಿನ ಸೀಟಿನಲ್ಲಿ ಕಾಲು ನೀಡಿಕೊಂಡಿದ್ದ ಶಾರದಮ್ಮ ಗೊಣಗಿದರು. ಮಿಕ್ಕವರು ನೀರಿಗಿಳಿದಾಗಲೂ ಅವರು ಕಾರು ಬಿಟ್ಟು ಕದಲುವವರಲ್ಲ, ಜಪ ಮುಗಿಯಬೇಕು. “ಬಾರೇ ಕಮಲಾ, ಗುಡೀಲಿ ಮಂಗಳಾರತಿ ಹೊತ್ತಾಯ್ತು.”

ಬಿಚ್ಚುವ ಕಾರಿನ ಕ್ಯಾನ್ವಾಸ್ ಮುಸುಕನ್ನು ಸುಂದರೇಶ ಈ ಸಲ ಯಾವುದಕ್ಕೂ ಇರಲೆಂದು ತಂದಿದ್ದ. ಅದನ್ನೇ ಮರಕ್ಕೆ ಕಟ್ಟಿ ಗುಡಾರ ಮಾಡಿದ. ಚೂಡಾಮಣಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಅಜ್ಜಿ, ಮೊಮ್ಮಗಳು ಬರುವ ಸುಳಿವಿಲ್ಲ. ಮಾತು ದಾಟಿಸಲು ನಡುವೆ ಯಾರೂ ಇಲ್ಲ.

“ಉಪ್ಪು,” ಎಂದ ಸುಂದರೇಶ, ಹೊಳೆಯ ಕಡೆ ನೋಡುತ್ತ.

ಹೊಳೆ ಉತ್ತರಿಸಲಿಲ್ಲ.

“ನಿಮ್ಮ ಎಡಗಡೇನೇ ಇದೆ,” ಎಂದಳು ಚೂಡಾಮಣಿ.

ಬೆಳಿಗ್ಗೆ ಕಾರು ಒಂದೇ ತಿರುವಿಗೆ ಹೊರಟಿತು. ಊರು ತಲುಪಿದ ಮೇಲೆ ನಜರ್‌ಬಾದಿನ ಮೆಕ್ಯಾನಿಕ್ ಪುಟ್ಟಸ್ವಾಮಿ ಮನೆಗೆ ಬಂದು, ಬಗ್ಗಿ ನೋಡಿ, ತಟ್ಟಿ ನೋಡಿ, “ಇದಕ್ಕೇನೂ ಆಗಿಲ್ಲ ಬುದ್ದಿ. ನೆಗಡೀನೂ ಇಲ್ಲ,” ಎಂದ. ಹೋಗುವ ಮುಂಚೆ ಎಂಜಿನ್ನಿನ ಒಂದು ಮುಚ್ಚಳ ತೆಗೆದು, ಒಳಗಿದ್ದ ಅಡಿಕೆ ಗಾತ್ರದ ಕಪ್ಪು ಚೂರನ್ನು ತೋರಿಸಿದ. “ಇದೊಂದ್ ಇಲ್ದಿದ್ರೆ ಮಾತ್ರ ಬ್ರಹ್ಮ ಬಂದ್ರೂ ಸ್ಟಾರ್ಟ್ ಆಗಕಿಲ್ಲ.”

ಮುಂದಿನ ವಾರ ತಲಕಾಡು. ಸಂಜೆ ಕಾರು ಮತ್ತೆ ಮುಷ್ಕರ ಹೂಡಿತು. ಸುಂದರೇಶ ಬಾನೆಟ್ ಎತ್ತಿ ಆ ಮುಚ್ಚಳ ತೆಗೆದ. ಚೂರು ಇರಲಿಲ್ಲ.

ತಲೆ ಎತ್ತಿದ. ಒಲೆಯ ಬಳಿ ಚೂಡಾಮಣಿ ಕೈಯ ಕಪ್ಪನ್ನು ಉಜ್ಜಿಕೊಳ್ಳುತ್ತಿದ್ದಳು. ಅವನನ್ನು ಕಂಡು ಮೆಲ್ಲಗೆ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕ ನಗು ಅದು.

ಸುಂದರೇಶನಿಗೆ ಎಲ್ಲ ಅರ್ಥವಾಯಿತು. ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿ, “ಗುಡಾರ ಹಾಕ್ತೀನಿ,” ಎಂದ. ಬೆಳಿಗ್ಗೆ ನೋಡಿದರೆ ಚೂರು ತನ್ನ ಜಾಗದಲ್ಲಿತ್ತು. ಅವನು ಬಾಯಿ ಬಿಡಲಿಲ್ಲ. ತನ್ನೊಡನೆ ಒಂದು ಸಂಜೆ ಕೂರಬೇಕೆಂದು ಹೆಂಡತಿ ಇಷ್ಟು ಹಂಚಿಕೆ ಹೂಡುವಾಗ ಬಾಯಿ ಬಿಡುವ ಮೂರ್ಖ ಯಾರು?

ಆಮೇಲೆ ಸೋಮನಾಥಪುರ, ಆಮೇಲೆ ಎಡಮುರಿ. ಎಲ್ಲೆಲ್ಲೂ ಅದೇ ಕಥೆ. ಶಾರದಮ್ಮನ ಗೊಣಗಾಟವೂ ಅದೇ. ಒಂದು ಸಂಜೆ ಚೂಡಾಮಣಿ ತನ್ನ ತಂದೆಯ ಮಾತೆತ್ತಿದಳು. ಅವರ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಕಮಲಳ ಮುಖ ಇನ್ನೂ ಕಾಣುವಾಗಲೇ ಒಮ್ಮೆ ನೋಡಬೇಕೆಂದು ಹೇಳಿ ಕಳಿಸಿದ್ದರು. ಇದನ್ನು ಅವಳು ಮೊದಲೂ ಹೇಳಿದ್ದಳು. ಆಗ ಅವನ ತಲೆ ಕಾರಿನಡಿ ಇತ್ತು.

“ದಸರಾ ರಜಕ್ಕೆ ಹಾಸನಕ್ಕೆ ಹೋಗೋಣ,” ಎಂದ ಸುಂದರೇಶ. “ಕಾರಲ್ಲೇ.”

“ಕಾರಲ್ಲಿ ಹೊರಟ್ರೆ ಯುಗಾದಿಗೆ ತಲುಪ್ತೀವಿ. ರೈಲಲ್ಲಿ ಹೋಗೋಣ,” ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕಾಲೇಜು ತೆರೆಯುವ ಮುನ್ನಾದಿನ ಮತ್ತೆ ಬಲಮುರಿ. ಸಂಜೆ ಸುಂದರೇಶ ಹ್ಯಾಂಡಲ್ ತಿರುಗಿಸಿದ. ಊಹಿಸಿದ್ದಂತೆಯೇ ಆಯಿತು. ಹೆಂಡತಿಯ ಮುಂದೆ ಹೋಗಿ ಕೈ ಚಾಚಿದ.

“ಕೊಡು ಚೂಡಾ. ನಾಳೆ ಕ್ಲಾಸಿದೆ.”

“ಏನ್ ಕೊಡ್ಲಿ?”

“ಅದೇ, ಆ ಚೂರು. ನಂಗೆ ತಲಕಾಡಲ್ಲೇ ಗೊತ್ತಾಗಿತ್ತು. ಬೇಕಂತ್ಲೇ ಸುಮ್ನಿದ್ದೆ.”

ಪಾತ್ರೆ ಜೋಡಿಸುತ್ತಿದ್ದ ಚೂಡಾಮಣಿಯ ಕೈ ನಿಂತಿತು. “ಯಾವ ಚೂರು? ಕಾರು ಕೆಡಿಸ್ತಿದ್ದಿದ್ದು ನೀವಲ್ವಾ? ನನ್ನ ಮಾತಾಡ್ಸೋಕೆ ಇಷ್ಟು ಪಾಡು ಪಡ್ತಿದಾರಲ್ಲ ಅಂತ ಸುಮ್ನಿದ್ದವಳು ನಾನು.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಮಲ ದೂರದಲ್ಲಿ ನೀರಿಗೆ ಕಲ್ಲೆಸೆಯುತ್ತಿದ್ದಳು. ಅವಳಿಗೆ ಬಾನೆಟ್ಟಿನ ಕೊಕ್ಕೆಯೂ ಎಟುಕದು.

“ನಿಮ್ಮಿಬ್ಬರ ಮಾತು ಮುಗಿದ ಮೇಲೆ ಹೇಳ್ರೋ,” ಹಿಂದಿನ ಸೀಟಿನಿಂದ ಶಾರದಮ್ಮ ಕಣ್ಣು ತೆರೆಯದೆಯೇ ಎಂದರು, “ತಿರುಗಿ ಹಾಕ್ಕೊಡ್ತೀನಿ.”