ಸಿಗರೇಟು ಪ್ಯಾಕಿನ ಮೇಲೆ ಬರೆದ ಭಾಷಣ

"ಗಾಜು ಏರ್ಸ ಬೇ, ಧೂಳು ಒಳಗ ಬರಾಕತ್ತದ. ಕೂಸಿಗಿ ಛಲೋ ಅಲ್ಲ," ಎಂದು ಮುಂದಿನ ಸೀಟಿನಿಂದ ಶ್ರೀಪಾದ ವಕೀಲರು ಹೇಳಿ, ಆ ಮಾತಿನ ಬೆನ್ನಿಗೇ ಸಿಗರೇಟಿನ ಹೊಗೆ ಬಿಟ್ಟರು.

ಭಾಗಮ್ಮ ಗಾಜು ಏರಿಸಿದಳು. ತೊಡೆಯ ಮೇಲೆ ದಮ್ಮಿನ ಕಾಯಿಲೆಯ ಕೂಸು, ಆರು ವರ್ಷದ ಚಂದಮ್ಮ, ಉಸಿರಿಗೊಮ್ಮೆ ಎದೆಯಿಂದ ಸೀಟಿ ಊದುತ್ತಿದ್ದಳು. ನೆಲೋಗಿಯಲ್ಲಿ ಬಸ್ಸು ಬಾರದೆ ನಿಂತವರನ್ನು ವಕೀಲರೇ ಕರೆದು ಹತ್ತಿಸಿಕೊಂಡಿದ್ದರು. ಜೇವರ್ಗಿಯ ದವಾಖಾನೆ ಹನ್ನೆರಡಕ್ಕೆ ಬಾಗಿಲು ಹಾಕುತ್ತದೆ. ಅಂಬಾಸಿಡರ್ ಪುಕ್ಕಟೆ, ಅದರೊಳಗಿನ ಹೊಗೆಯೂ ಪುಕ್ಕಟೆ. ಉಪಕಾರದ ಗಾಡಿಯಲ್ಲಿ ಕೆಮ್ಮುವುದು ಮರ್ಯಾದೆಯಲ್ಲವೆಂದು ಅವಳು ಮಗಳ ಬಾಯಿಗೆ ಸೆರಗು ಹಿಡಿದಿದ್ದಳು.

ವಕೀಲರಿಗೂ ಹನ್ನೆರಡಕ್ಕೇ ಕೆಲಸ. ಜೇವರ್ಗಿಯ ಸಾಲೆಯಲ್ಲಿ ಚರ್ಚಾಕೂಟ, ಅವರೇ ಅಧ್ಯಕ್ಷರು. ವಿಷಯ: ಮಕ್ಕಳಿರುವ ಮೋಟಾರಿನಲ್ಲಿ ಸಿಗರೇಟು ಸೇದುವುದನ್ನು ನಿಷೇಧಿಸಬೇಕೇ?

"ನೀ ಏನಂತಿ ಅಂಬಾರಾಯ?"

ಡ್ರೈವರ್ ಅಂಬಾರಾಯ ಕನ್ನಡಿಯಲ್ಲಿ ಕೂಸನ್ನು ನೋಡಿದ. ಆಮೇಲೆ ಧಣಿಯ ಮುಖ ನೋಡಿದ. "ನಿಷೇಧ ಆಗಬೇಕ್ರಿ ಸಾಹೇಬ್ರ. ಆದ್ರ ಸ್ವಂತ ಗಾಡಿಗಿ ಅದು ಲಾಗೂ ಆಗಂಗಿಲ್ರಿ."

"ಶಭಾಶ್! ನೀನೇ ವಕೀಲ ಆಗಬೇಕಿತ್ತಲೇ. ನಿಂದೇನು ಬೇ ಅಭಿಪ್ರಾಯ?"

ಭಾಗಮ್ಮನ ಅಭಿಪ್ರಾಯವನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ಅವಳ ಮದುವೆಯಲ್ಲೂ ಕೇಳಿರಲಿಲ್ಲ. ಧೈರ್ಯ ಮಾಡಿದಳು. "ಕೂಸಿಗಿ ಉಸಿರು ಹಿಡ್ಯಾಕತ್ತದ್ರಿ ಅಪ್ಪಾ. ಸೇದಬಾರದ್ರಿ."

"ಆಹಾ! ಇದಕ್ಕಂತಾರ ನೋಡು ಜನಾಭಿಪ್ರಾಯ! ಭಾಷಣದಾಗ ಇದನ್ನೇ ಹೇಳ್ತೇನಿ."

ವಕೀಲರು ಪೆನ್ನು ತೆಗೆದರು. ಕಾಗದವಿರಲಿಲ್ಲ. ಸಿಗರೇಟು ಪ್ಯಾಕನ್ನು ಬಿಚ್ಚಿ ಒಳಮೈಯ ಮೇಲೆ ಬರೆಯಬಹುದಿತ್ತು, ಆದರೆ ಅದರಲ್ಲಿ ಇನ್ನೂ ಎರಡು ಉಳಿದಿದ್ದವು. ಒಂದನ್ನು ಅಂಬಾರಾಯನ ಕಿವಿಗೆ ಸಿಕ್ಕಿಸಿ, ಇನ್ನೊಂದನ್ನು ತಾವು ಹಚ್ಚಿಕೊಂಡು, ಖಾಲಿ ಪ್ಯಾಕನ್ನು ತೊಡೆಯ ಮೇಲೆ ಹರವಿ ಬರೆದರು: ‘ಒಬ್ಬ ಬಡ ತಾಯಿಯ ಆರ್ತನಾದ.’

ಹಿಂದೆ ಸೀಟಿ ನಿಂತುಹೋಯಿತು.

"ಗಾಡಿ ನಿಂದರ್ಸೋ ಯಪ್ಪಾ!" ಭಾಗಮ್ಮ ಒದರಿದಳು.

ಇಳಿದವಳೇ ಬೇವಿನ ಮರದ ಕೆಳಗೆ ಮಗಳ ಬೆನ್ನು ತಿಕ್ಕಿದಳು, ತಿಕ್ಕಿಯೇ ತಿಕ್ಕಿದಳು. ಸೀಟಿ ಮತ್ತೆ ಶುರುವಾಯಿತು. ಮಗಳನ್ನು ಹೆಗಲಿಗೆ ಹಾಕಿಕೊಂಡು ನಡೆಯತೊಡಗಿದಳು. ರಸ್ತೆಬದಿಯ ಕಲ್ಲು ಜೇವರ್ಗಿಗೆ ಮೂರು ಎನ್ನುತ್ತಿತ್ತು, ಬಿಸಿಲು ಆರು ಎನ್ನುತ್ತಿತ್ತು.

ಕಾರು ಮಗ್ಗುಲಲ್ಲೇ ತೆವಳುತ್ತ ಬಂತು. "ಹುಚ್ಚಿ ಇದ್ದಿಯೇನು ಬೇ? ಈ ಬಿಸಲಾಗ ಕೂಸಿನ ಗತಿ ಏನು? ಹತ್ತು. ಸಭಾದಾಗ ನನ್ನ ಬಾಜೂಕ ಕುರ್ಚಿ ಹಾಕಸ್ತೇನಿ. ಇದರ ದಮ್ಮು ಮಂದಿ ಕಣ್ಣಾರೆ ನೋಡ್ಲಿ. ಆಮ್ಯಾಲ ದವಾಖಾನಿ."

ವಕೀಲರು ಹಿಂದಕ್ಕೆ ಕೈಚಾಚಿ ಬಾಗಿಲು ತೆರೆದರು. ಮೊದಲು ಹೊಗೆ ಇಳಿಯಿತು.

ತಾಯಿಯ ಹೆಗಲಿನಿಂದ ಚಂದಮ್ಮ ತಲೆ ಎತ್ತಿದಳು. ಇದ್ದಷ್ಟು ಉಸಿರನ್ನೆಲ್ಲ ಒಟ್ಟು ಮಾಡಿ ಹೇಳಿದಳು:

"ವಲ್ಲೆ."